ಯಾಕೂಬಸಾಬರ ಸಾಥ್

ನನ್ನ ಹಿಂದೆ ಬರಬೇಡಿ ಎಂದು ಒಬ್ಬ ಮನುಷ್ಯನಿಗೆ ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಯಾಕೂಬಸಾಬರಿಗೆ ಹೇಳಿ ನಾನು ಸೋತಿದ್ದೆ. ಕೈಮುಗಿದು ಹೇಳಿದೆ, ಕಿರುಚಿ ಹೇಳಿದೆ, ಒಂದು ದಿನ ಪಿಟೀಲಿನ ಕಮಾನನ್ನು ಗೋಡೆಗೆ ಎಸೆದೂ ಹೇಳಿದೆ. ಅವರು ಕ್ಲಾರಿನೆಟ್ ಕೆಳಗಿಟ್ಟು, ಎದ್ದು ಹೋಗಿ ಕಮಾನು ತಂದುಕೊಟ್ಟು, "ಮತ್ತೊಮ್ಮೆ ಸುರು ಮಾಡ್ರಿ, ಮಾಸ್ತರ್ರ" ಎಂದರು. ಸುರು ಮಾಡಿದರೆ ಮತ್ತೆ ನನ್ನ ಹಿಂದೆಯೇ ಬಂದರು.

ನಾನು ಇಂಡಿ ಊರಿನ ಪರಮಾನಂದ. ಗಾಯಕರಿಗೆ ಪಿಟೀಲಿನ ಸಾಥ್ ಕೊಟ್ಟು ಹೊಟ್ಟೆ ಹೊರೆಯುವವನು. ಅವರು ಹಾಡಿದ್ದನ್ನೇ ಅವರ ಹಿಂದಿಂದೆ ನುಡಿಸುತ್ತ ಹೋಗುವುದು ನನ್ನ ಕಸುಬು. ಆದರೆ ತಲೆಯೊಳಗೆ ನನ್ನದೇ ಒಂದು ರಚನೆ ಕೂತು ಕೊರೆಯುತ್ತಿತ್ತು. ಸಾಲೋಟಗಿಯ ಹೊಲದ ಬದುವಿನ ಮೇಲೆ ನಿಂತಾಗ ಹುಟ್ಟಿದ್ದು ಅದು. ಒಂದು ಕಡೆ ಎತ್ತು ಹೂಡಿ ಬಾವಿಯ ನೀರು ಎತ್ತುವವನ ನಿಧಾನದ ಹಾಡು, ಆಚೆ ಹೊಲದಲ್ಲಿ ಕೆಲಸಕ್ಕೆ ಬಗ್ಗಿದ ಹೆಂಗಸರ ಚುರುಕು ಹಾಡು. ಎರಡೂ ಬೇರೆ ಬೇರೆ, ಆದರೆ ಒಂದಕ್ಕೊಂದು ಎಲ್ಲೂ ಅಡ್ಡ ಬರಲಿಲ್ಲ. ಕೂಡಿ ಕೇಳಿದರೆ ಎರಡರಲ್ಲೂ ಇಲ್ಲದ ಮೂರನೆಯದೊಂದು ಕೇಳುತ್ತಿತ್ತು. ಅದನ್ನು ಎರಡು ವಾದ್ಯಗಳಿಗೆ ಕಟ್ಟಿದೆ. ಮೇಲಿನ ಓಟ ಪಿಟೀಲಿಗೆ, ಕೆಳಗಿನ ನಿಧಾನದ ನಡೆ ಕ್ಲಾರಿನೆಟ್ಟಿಗೆ. ಕಟ್ಟಿದ್ದೇನೋ ಹೌದು, ಕಿವಿಯಿಂದ ಒಮ್ಮೆಯೂ ಕೇಳಿರಲಿಲ್ಲ. ಎರಡನ್ನೂ ನುಡಿಸಲು ನನಗೇನು ನಾಲ್ಕು ಕೈ ಇವೆಯೇ? ಸಾಯುವುದರೊಳಗೆ ಒಮ್ಮೆ ಕೇಳಬೇಕು, ಅಷ್ಟೇ ನನ್ನ ಆಸೆ.

ಸುತ್ತಿನ ಊರುಗಳಲ್ಲಿ ಕ್ಲಾರಿನೆಟ್ ಎಂದರೆ ಸಾಲೋಟಗಿಯ ಯಾಕೂಬಸಾಬರು. ನಾಟಕ ಕಂಪನಿಗಳಲ್ಲೇ ಮುದುಕರಾದವರು. ನಟ ಹಾಡಿನ ನಡುವೆ ಒಂದು ಸಾಲು ಹಾರಿಸಿದರೆ ಇವರೂ ಹಾರುತ್ತಿದ್ದರು. ಅವನು ಶ್ರುತಿ ಬಿಟ್ಟು ಎಲ್ಲಿಗೆ ಹೋದರೂ ಅಲ್ಲಿಗೇ ಹೋಗಿ ಜೊತೆಗೆ ನಿಂತು ಅವನ ಮಾನ ಉಳಿಸುತ್ತಿದ್ದರು. ಅಂಥವರಿಗೆ ನಾನು ಕೆಳಗಿನ ನಡೆ ಕಲಿಸಿದೆ. ನನ್ನ ಪಿಟೀಲು ಇಲ್ಲದಿದ್ದಾಗ ಕೇಳಿದವರ ಕಣ್ಣಲ್ಲಿ ನೀರು ಬರುವ ಹಾಗೆ ನುಡಿಸುತ್ತಿದ್ದರು. ನಾನು ಮೇಲಿನದನ್ನು ಎತ್ತಿಕೊಂಡೆನೋ, ಅವರ ಬೆರಳುಗಳು ತಾವಾಗಿಯೇ ನನ್ನ ದಾರಿಗೆ ಹೊರಳುತ್ತಿದ್ದವು.

"ನಿಮ್ಮದು ಬ್ಯಾರೆ ಐತಿ, ನಂದು ಬ್ಯಾರೆ ಐತಿ. ನಿಮ್ಮಷ್ಟಕ್ಕ ನೀವು ಹೋಗ್ರಿ, ಕಾಕಾ" ಎಂದು ಹಲ್ಲು ಕಡಿದೆ.

"ನೀವು ಮುಂದ ನಡದಾಗ ನಾ ಬ್ಯಾರೆ ಹಾದಿ ಹಿಡದ್ರ ಮಂದಿ ಏನಂದಾರ್ರಿ? ಇಬ್ಬರಿಗೂ ಜಗಳ ಆಗೇತಿ ಅಂತಾರ."

ಅವರ ಕಿವಿಗೆ ಅರಳೆ ತುರುಕಿಸಿದೆ. ನನ್ನ ಕಮಾನು ನೋಡಿಕೊಂಡು ಹಿಂದೆ ಬಂದರು. ಗೋಡೆಗೆ ಮುಖ ಮಾಡಿ ಕೂರಿಸಿದೆ. ಗೋಡೆಯ ಮೇಲೆ ಬಿದ್ದ ನನ್ನ ನೆರಳು ನೋಡಿಕೊಂಡು ಹಿಂದೆ ಬಂದರು. ತಬಲಾದ ಮಾಳಿಂಗಪ್ಪ ನಕ್ಕು ನಕ್ಕು ಸುಸ್ತಾದ. ನನಗೆ ಮಾತ್ರ ಅಳುವಷ್ಟು ಸಿಟ್ಟು ಬಂದಿತ್ತು.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಸಿಂದಗಿಯಲ್ಲಿ ನಾಡಹಬ್ಬ ನಡೆಸುತ್ತಿದ್ದ ರಾವಸಾಬರು ನಮ್ಮನ್ನು ಕರೆಸಿದರು. ವೇದಿಕೆಯ ಮೇಲೆ ನಾನು ಮುಂದೆ, ಯಾಕೂಬಸಾಬರು ಹಿಂದೆ, ಪಕ್ಕಕ್ಕೆ ತಬಲಾ. ಸುರುವಾದ ಗಳಿಗೆಯಲ್ಲೇ ಅವರು ನನ್ನ ಬೆನ್ನು ಹತ್ತಿದರು. ಬೇಡವೆಂದು ತಿರುಗಿ ತಲೆ ಅಲ್ಲಾಡಿಸಿದೆ. ಮೆಚ್ಚಿದೆನೆಂದು ತಿಳಿದು ಇನ್ನಷ್ಟು ಹತ್ತಿರ ಬಂದರು. ನನಗೆ ಸಾಕಾಗಿಹೋಯಿತು. ಕಮಾನನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂತುಬಿಟ್ಟೆ.

ತಂತಿ ಹರಿಯಿತೆಂದು ಅವರು ತಿಳಿದರು. ಮುಂದಿನವನು ನಿಂತರೆ ಹಿಂದಿನವನು ಸಭೆ ಕಾಯಬೇಕೆಂಬುದು ಕಂಪನಿಯ ಕಟ್ಟಳೆ. ಹಿಡಿಯಲು ನನ್ನ ದಾರಿ ಇರಲಿಲ್ಲ, ಹಾಗಾಗಿ ತಮಗೆ ಕಲಿಸಿದ್ದ ಕೆಳಗಿನ ನಡೆಯನ್ನೇ ಹಿಡಿದು ಹೊರಟರು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಪಿಟೀಲು ಎತ್ತಿಕೊಂಡು ಅವರ ಹಿಂದೆ ಹೋಗಿ, ಸಾಥಿನವರು ಕೂರುವ ಜಾಗದಲ್ಲಿ ಕೂತೆ. "ಇವತ್ತ ನೀವ ಮುಂದ್ರಿ, ಕಾಕಾ. ನಾ ಸಾಥಿಗೆ" ಎಂದು ಕಿವಿಯಲ್ಲಿ ಹೇಳಿದೆ. ಅವರು ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದರು. ಮುಂದಿನವರು ಯಾರ ಹಿಂದೆಯೂ ಹೋಗುವುದಿಲ್ಲವಲ್ಲ!

ನನ್ನದನ್ನು ಎತ್ತಿದೆ. ಅವರು ಅಲುಗಲಿಲ್ಲ. ಬಾವಿ ಅಲ್ಲಿ, ಹೊಲ ಇಲ್ಲಿ, ನಡುವೆ ಆ ಮೂರನೆಯದು. ಕೇಳಿದೆ. ನನ್ನ ಎರಡು ಕಿವಿಯಿಂದ ಕೇಳಿದೆ. ಮುಗಿಯುವವರೆಗೂ ಅಳುತ್ತಲೇ ನುಡಿಸಿದೆ.

ಚಪ್ಪಾಳೆ ಬಿತ್ತು. ರಾವಸಾಬರು ಯಾಕೂಬಸಾಬರ ಕೊರಳಿಗೆ ಹಾರ ಹಾಕಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಏನ್ ಮಾಸ್ತರ್ರ, ಹಿರಿಯಾರು ಅಷ್ಟ ಚಂದ ಊದಾಕತ್ತಿದ್ರು. ನೀವು ಒಮ್ಮೆರ ಅವರ ಕೂಡ ಬರಬಾರದೇನ್ರಿ?"

"ಅದು ಕಟ್ಟಿದ್ದ ಹಂಗ ಐತ್ರಿ" ಎಂದೆ.

"ಹೌದ್ರಿ, ಹೌದ್ರಿ" ಎಂದು ಕುಡಿದವನನ್ನು ಸಮಾಧಾನ ಮಾಡುವ ಹಾಗೆ ಬೆನ್ನು ತಟ್ಟಿದರು.

ಸುದ್ದಿ ಊರೂರು ತಿರುಗಿತು. ಮುದ್ದೇಬಿಹಾಳದ ಗಾಯಕರು ಬೇರೆ ಪಿಟೀಲಿನವನನ್ನು ಗೊತ್ತು ಮಾಡಿಕೊಂಡರು. ಬಸವನ ಬಾಗೇವಾಡಿಯ ಮದುವೆಯವರು ಬರುವುದು ಬೇಡವೆಂದು ಹೇಳಿಕಳಿಸಿದರು. ಸಾಥ್ ಕೊಡಲು ಬಾರದವನು ಯಾರಿಗೆ ಬೇಕು? ಯಾಕೂಬಸಾಬರು ಮಾತ್ರ ಹೋದಲ್ಲೆಲ್ಲ, ಆ ದಿನ ಮಾಸ್ತರಿಗೆ ಜ್ವರ ಬಂದಿತ್ತು ಎಂದು ಹೇಳುತ್ತಿದ್ದರಂತೆ. ಮಂದಿಯ ಮಾತಿಗಿಂತ ಆ ಜ್ವರದ ಮಾತೇ ನನ್ನನ್ನು ಹೆಚ್ಚು ಉರಿಸಿತು. ಎಲ್ಲ ಬಿಡಿಸಿ ಹೇಳಿ, ಇನ್ನೊಮ್ಮೆ ಹಾಗೆಯೇ ನುಡಿಸಿರೆಂದು ಕೇಳಲು ಪಿಟೀಲು ಹೊತ್ತು ಸಾಲೋಟಗಿಗೆ ನಡೆದೆ.

ಚಹಾ ಕೊಟ್ಟು ಎದುರಿಗೆ ಕೂತರು. ನಾನು ಬಾಯಿ ತೆರೆಯುವ ಮೊದಲೇ ಅವರು ಸುರು ಮಾಡಿದರು.

"ಒಂದ ಮಾತ ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಮಂದಿಗೆ ನಾ ಏನರ ಹೇಳಿರ್ಲಿ, ನೀವು ನನಗ ಖರೇ ಹೇಳ್ರಿ. ಜೀವಮಾನದಾಗ ಅದೊಂದ ಸರ್ತಿ ಮುಂದ ಕೂತಿದ್ನಿ. ಏನ್ ತಪ್ಪ ಮಾಡಿದ್ನಿ ಅಂತ ನನ್ನ ಒಬ್ಬಾವನ್ನ ಬಿಟ್ಟು ಹ್ವಾದ್ರಿ?"

ಬಾವಿ, ಹೊಲ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬದಿಗಿಟ್ಟೆ.

"ಜ್ವರ ಬಂದಿತ್ತರಿ, ಕಾಕಾ" ಎಂದೆ.

ಅವರ ಮುಖ ಅರಳಿತು. "ನಾನೂ ಎಲ್ಲಾರಿಗೂ ಅದನ್ನ ಹೇಳಾಕತ್ತೇನ್ರಿ! ಪಿಟೀಲು ತಂದೀರಲ್ಲಾ? ತಗೀರಿ, ತಗೀರಿ. ಮುಂದ ಕೂಡ್ರಿ."

ನಾನು ಮುಂದೆ ಕೂತು ನುಡಿಸಿದೆ. ಅವರು ಒಂದು ಸ್ವರವನ್ನೂ ಬಿಡದೆ ನನ್ನ ಹಿಂದೆ ಬಂದರು.