ಮೊದಲ ನಲವತ್ತು ಸೆಕೆಂಡು

ಪರದೆಯ ಮೇಲೆ ಸಂಶೋಧಕರ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ತನ್ನ ಹೆಸರು ಮೂಡಿದ್ದನ್ನು ಕಂಡು ವಿದ್ಯಾಶ್ರೀಗೆ ಕಣ್ಣು ತುಂಬಿತು. ಗದಗಿನ ಕಾಲೇಜಿನ ಸಭಾಂಗಣ. ಮುಂಡರಗಿಯಿಂದ ಬಂದ ಅಪ್ಪ ಗೋಣೆಪ್ಪ ಅವಳ ಪಕ್ಕದಲ್ಲಿ ಕೂತಿದ್ದ, ಹಿಂದೆಲ್ಲ ಬೆಟಗೇರಿಯ ನೇಕಾರರು. ಸೀರೆಯ ಜರಿ ಯಾಕೆ ಮಂಕಾಗುತ್ತದೆಂದು ತೋರಿಸಲು ಅವಳ ಗುರು ಈಶಪ್ಪ ಸರ್ ವೇದಿಕೆ ಏರಿದ್ದರು.

ಜರಿಯ ಬೆಳ್ಳಿಲೇಪವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗಿಟ್ಟು ಕಾಯಿಸುತ್ತ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕಣಗಳು ಕಣ್ಣೆದುರೇ ಒಂದಕ್ಕೊಂದು ಅಂಟುವುದನ್ನು ಸೆರೆಹಿಡಿದವಳು ಅವಳೇ. ಎರಡು ವರ್ಷ ಮೈಮುರಿದು ದುಡಿದಿದ್ದಳು. ಆದರೆ ಆ ಯಂತ್ರ ಅಷ್ಟು ಸಾಧುವಲ್ಲ. ನೋಡಲೆಂದು ಹಾಯಿಸುವ ಕಿರಣವೇ ಕೆಲವೊಮ್ಮೆ ಕಣಗಳನ್ನು ಕದಲಿಸಿಬಿಡುತ್ತದೆ. ಅದಕ್ಕೇ ಕಾಯಿಸುವ ಮೊದಲು ನಲವತ್ತು ಸೆಕೆಂಡು ಸುಮ್ಮನೆ ನೋಡಬೇಕು; ಆಗಲೇ ಕದಲಿದರೆ ಆ ಪ್ರಯೋಗ ಕಸದ ಬುಟ್ಟಿಗೆ. ಈ ನೇಮ ಕಲಿಸಿದವರೂ ಈಶಪ್ಪ ಸರ್ ಅವರೇ.

ಹೋದ ತಿಂಗಳು ಕಣಗಳು ಹಾಗೆ ಕಾಯಿಸುವ ಮೊದಲೇ ಕದಲಿದ್ದವು. ಅವಳು ಓಡಿಹೋಗಿ ಸರ್‌ಗೆ ಹೇಳಿದ್ದಳು.

"ಆತು, ನಾ ನೋಡ್ತೇನಿ. ವಿಡಿಯೋ ನನ್ನ ಕಂಪ್ಯೂಟರಿಗೆ ಹಾಕು, ನಿನ್ನ ಕಡೆ ಇಟ್ಕೋಬ್ಯಾಡ," ಅಂದಿದ್ದರು. ಗುರುಗಳ ಮಾತೆಂದು ಹಾಗೇ ಮಾಡಿದ್ದಳು.

ಈಗ ಪರದೆಯ ಮೇಲೆ ಅದೇ ವಿಡಿಯೋ. ಮೊದಲ ನಲವತ್ತು ಸೆಕೆಂಡು ಮಾಯ. ಕಾವು ಏರುವಲ್ಲಿಂದಲೇ ಶುರು.

"ನೋಡ್ರಿ, ಇಸ್ತ್ರಿ ಕಾವು ತಾಗಿದ್ದ ತಡ ಬೆಳ್ಳಿ ಕಣ ಹೆಂಗ ಒಂದಕ್ಕೊಂದು ಅಂಟತಾವ. ಇದಕ್ಕ ನಾವು ಹೊಸಾ ಲೇಪ ಮಾಡೇವಿ," ಅಂದರು ಈಶಪ್ಪ ಸರ್.

ನೇಕಾರರು ಚಪ್ಪಾಳೆ ತಟ್ಟಿದರು. ಸುಳ್ಳಿಗೆ ತನ್ನ ಹೆಸರನ್ನೇ ಮುಂದೆ ಮಾಡಿದ್ದರಲ್ಲ. ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಇನ್ನೇನು?

ಅವಳು ಎದ್ದು ನಿಂತಳು. "ಸರ್, ಕಾಯಿಸೂಕಿಂತ ಮೊದಲಿಂದೂ ತೋರಿಸ್ರಿ. ಕಣ ಆಗಲೇ ಕದಲಿದ್ವು. ಇದು ಕಾವಿನಿಂದ ಆಗಿದ್ದಲ್ರಿ."

ಈಶಪ್ಪ ಸರ್ ಸಿಟ್ಟಾಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

"ವಿಡಿಯೋ ಕೊಟ್ಟಾಕಿ ನೀನ ಅಲ್ಲೇನವಾ? ಕತ್ತರಿಸಿ ಕೊಟ್ಟೀದಿ ಅಂತ ನನಗೇನ ಗೊತ್ತು?" ಎಂದು, ನೇಕಾರರತ್ತ ತಿರುಗಿ ಕೈಮುಗಿದರು. "ಹೆಸರಿನ ಆಸೆಕ್ಕ ಮಾಡ್ಯಾಳ್ರಿ ಹುಡುಗಿ. ಬ್ಯಾಸರಾಗಬ್ಯಾಡ್ರಿ."

ಅಪ್ಪನಾದರೂ ತನ್ನ ಮಾತು ನಂಬುತ್ತಾನೆಂದು ಅವನ ತೋಳು ಹಿಡಿದಳು.

ಗೋಣೆಪ್ಪ ತೋಳು ಬಿಡಿಸಿಕೊಂಡು ಎದ್ದ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ತಪ್ಪಾತ್ರಿ ಸರ್," ಅಂದ. "ಸಣ್ಣಾಕಿ ಅದಾಳ್ರಿ. ಹೊಟ್ಟ್ಯಾಗ ಹಾಕ್ಕೋರಿ."