ಸರ್ವಮಂಗಳಮ್ಮನ ಆರು ಸಹಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಂದು ಮಂಡಿಯ ಮಹಡಿಯ ಮೇಲೆ, ನಾನು ಇಪ್ಪತ್ತೆರಡು ವರ್ಷದಿಂದ ಜನರ ಇನ್‌ಕಮ್ ಟ್ಯಾಕ್ಸ್ ಬರೆದುಕೊಡುತ್ತಿದ್ದೇನೆ. ನನ್ನ ಹೆಸರು ಮರುಳಸಿದ್ದಯ್ಯ. ಯಾರು ಬಂದರೂ ಹೇಳುವ ಪಾಠ ಒಂದೇ. ರಶೀದಿ ಎಸೆಯಬೇಡಿ. ವಿಮೆಯ ಕಂತು, ಪೋಸ್ಟಾಫೀಸಿನ ಸರ್ಟಿಫಿಕೇಟು, ಏನಿದ್ದರೂ ಮಾರ್ಚಿನೊಳಗೆ ಕಟ್ಟಿ; ಜೂನಿನಲ್ಲಿ ನನ್ನೆದುರು ಕೂತು ತಲೆ ಕೆರೆದುಕೊಂಡರೆ ಕೂದಲು ಉದುರುತ್ತದೆಯೇ ಹೊರತು ತೆರಿಗೆ ಉಳಿಯುವುದಿಲ್ಲ. ನಿಮ್ಮ ದುಡ್ಡನ್ನೇ ಹೆಂಡತಿಯ ಹೆಸರಿಗೆ ಹಾಕಿ ಜಾಣರಾಗಬೇಡಿ, ಅದರ ಬಡ್ಡಿ ತಿರುಗಿ ನಿಮ್ಮ ತಲೆಗೇ ಬರುತ್ತದೆ. ಆಕೆಗೆ ತವರಿನಿಂದ ಬಂದ ತೋಟವಿದ್ದರೆ ಅದು ಬೇರೆ ಮಾತು. ಅದು ಆಕೆಯದೇ, ಆಕೆಗೇ ಒಂದು ಫೈಲು ತೆಗೆಯಬಹುದು.

ಇನ್ನೊಂದು ಪಾಠವೂ ಇತ್ತು. ನಾಲ್ಕಾರು ಖಾಲಿ ಫಾರಂಗೆ ಸಹಿ ಹಾಕಿಟ್ಟು ಹೋಗಿ, ಬಸ್ ಚಾರ್ಜು ಉಳಿಯುತ್ತದೆ, ಮಿಕ್ಕದ್ದು ನಾನು ತುಂಬಿಕೊಳ್ಳುತ್ತೇನೆ. ಅದನ್ನು ಈಗ ಹೇಳುವುದಿಲ್ಲ.

ಕೆಳಗಿನ ಮಂಡಿ ಶಂಭುಲಿಂಗಯ್ಯನವರದು. ನಾನು ಕೂರುವ ಕೋಣೆಯೂ ಅವರದೇ. ಅವರ ಹೆಂಡತಿ ಸರ್ವಮಂಗಳಮ್ಮನಿಗೆ ಹೊನ್ನವಳ್ಳಿಯಲ್ಲಿ ಅಪ್ಪ ಕೊಟ್ಟ ಮೂರೆಕರೆ ತೆಂಗಿನ ತೋಟವಿತ್ತು. ತೋಟದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಆ ದುಡ್ಡನ್ನು ಆಕೆ ಗಂಡನ ಮಂಡಿಗೆ ಬಡ್ಡಿಗೆ ಕೊಟ್ಟಂತೆ ಬರೆದೆ. ಬಡ್ಡಿ ಆತನಿಗೆ ಖರ್ಚು, ಆಕೆಗೆ ತೆರಿಗೆ ಮಿತಿಯೊಳಗಿನ ಆದಾಯ. ಕಳ್ಳತನವಲ್ಲ, ಕಾನೂನೇ. ಆ ಫೈಲಿನ ಬಗ್ಗೆ ನನಗೆ ಜಂಬವಿತ್ತು, ಅದನ್ನೇನು ಮುಚ್ಚಿಡಲಿ.

ಎಪ್ಪತ್ತೆಂಟರ ಜೂನಿನಲ್ಲಿ ಆಕೆ ಒಂದೇ ಒಂದು ಸಲ ನನ್ನ ಮೆಟ್ಟಿಲು ಹತ್ತಿದ್ದರು. ಆಗಲೇ ಕಾಯಿಲೆ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು. ನಾನು ಆರು ಖಾಲಿ ಫಾರಂ ಮುಂದಿಟ್ಟೆ.

"ಇದ್ರಲ್ಲಿ ಏನ್ ಬರ್ದೈತೆ ಅಯ್ನೋರೆ?" ಎಂದರು.

"ಅದೆಲ್ಲ ನಿಮಗ್ಯಾಕಮ್ಮ. ಸಹಿ ಹಾಕಿ, ಸಾಕು."

ಆಕೆ ನನ್ನನ್ನೇ ಒಂದು ಗಳಿಗೆ ನೋಡಿದರು. "ನಂದು ಅಕ್ಷರ ಬಲು ನಿಧಾನ. ಮನೇಲಿ ಹಾಕಿ ಕಳಿಸ್ತೀನಿ" ಎಂದು ಫಾರಂಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಮಾರನೆಯ ದಿನ ಕಟ್ಟು ಬಂತು. ಸಹಿ ಇರುವುದು ಕೊನೆಯ ಪುಟದಲ್ಲಿ. ಆರೂ ಇವೆಯೇ ಎಂದು ನೋಡಲು ಕಟ್ಟನ್ನು ಮಗುಚಿದೆ, ಹಾಗೆಯೇ ಫೈಲಿನಲ್ಲಿಟ್ಟೆ. ಮೇಲೆ ಬಂದ ಫಾರಂ ಎತ್ತಿ ಆ ವರ್ಷದ್ದನ್ನು ತುಂಬಿದೆ. ಶ್ರಾವಣದಲ್ಲಿ ಆಕೆ ತೀರಿಕೊಂಡರು.

ಮುಂದಿನ ಜೂನಿನಲ್ಲಿ ಶಂಭುಲಿಂಗಯ್ಯನವರಿಗೆ ನಿಯಮ ತಿಳಿಸಿದೆ. ಸತ್ತವರ ಫೈಲಿಗೆ ವಾರಸುದಾರರು ಸಾವಿನ ತಾರೀಖು ಬರೆದು, ಆವತ್ತಿನವರೆಗಿನ ಲೆಕ್ಕ ಕೊಟ್ಟು ಮುಗಿಸಬೇಕು.

"ಈ ವರ್ಷ ಒಂದ್ ನಡೀಲಿ ಬುಡಿ, ಸಿದ್ದಯ್ನೋರೆ" ಎಂದರು ಅವರು. "ಅವಳ ಸಹಿ ಹೆಂಗೂ ಐದು ಉಳಿದವೆ."

ಕೋಣೆ ಅವರದು. ಅನ್ನದ ಋಣ ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಗಾದೆಗಳು ಬೇಗ ನೆನಪಾಗುತ್ತವೆ.

ಆ ಒಂದು ವರ್ಷ ನಾಲ್ಕಾಯಿತು. ಪ್ರತಿ ಜೂನಿನಲ್ಲೂ ಸತ್ತ ಹೆಂಗಸು ನನ್ನ ಮೇಜಿನ ಮೇಲೆ ಬದುಕುತ್ತಿದ್ದಳು. ಬಡ್ಡಿ ಪಡೆಯುತ್ತಿದ್ದಳು, ವರ್ಷದಿಂದ ವರ್ಷಕ್ಕೆ ಶ್ರೀಮಂತಳಾಗುತ್ತಿದ್ದಳು. 'ಮೇಲೆ ಬರೆದದ್ದೆಲ್ಲ ನಾನರಿತಂತೆ ಸತ್ಯ' ಎಂಬ ಸಾಲಿನ ಕೆಳಗೆ ಆಕೆಯ ವಕ್ರ ಅಕ್ಷರಗಳು, ಪಕ್ಕದಲ್ಲಿ ಅರಿಶಿನದ ಬೆರಳಿನ ಗುರುತು. ಬರೆಯುವಾಗ ಎದುರಿನ ಕುರ್ಚಿಯನ್ನು ನೋಡುತ್ತಿರಲಿಲ್ಲ. ಯಾರೋ ಕೂತು ಏದುಸಿರು ಬಿಟ್ಟಂತಾಗುತ್ತಿತ್ತು.

ಗೋಡೆಯಾಚೆ ಮಂಡಿಯ ಅಟ್ಟ. ಅಟ್ಟದಲ್ಲಿ ವರ್ಷ ಕಳೆದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಬಿಡಿಯಾಗಿರುತ್ತದೆ, ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ಹೊರಗಿನಿಂದ ಕಾಯಿ ಇದ್ದ ಹಾಗೇ ಇರುತ್ತದೆ. ಆಳುಗಳು ಕಾಯಿ ಸರಿಸಿದಾಗಲೆಲ್ಲ ನನಗೆ ಆ ಫೈಲು ನೆನಪಾಗುತ್ತಿತ್ತು. ಹಾಡಹಗಲಲ್ಲಿ, ಕೆಳಗೆ ಹರಾಜಿನ ಕೂಗು ಕೇಳುತ್ತಿರುವಾಗ, ನಾನು ಹೆದರುತ್ತಿದ್ದೆ.

ಎಂಬತ್ತಮೂರರ ಜೂನಿನಲ್ಲಿ ಶಂಭುಲಿಂಗಯ್ಯನವರೇ ಮೇಲೆ ಬಂದರು. "ಇದೇ ಕೊನೆ. ಇನ್ನು ಅವಳ ಫೈಲು ಮುಚ್ಚಾನ. ಆ ತೋಟ ಮಾರಿ ಲಾರಿ ತಗಬೇಕು. ಶಾಂತಂದು ಒಂದು ಸಹಿ ಬೇಕಾಗೈತೆ."

ಶಾಂತಕುಮಾರಿ ಅವರ ಒಬ್ಬಳೇ ಮಗಳು. ತುರುವೇಕೆರೆಗೆ ಕೊಟ್ಟಿದ್ದರು. ಹಿಂದಿನ ವರ್ಷ ಗಂಡ ತೀರಿಹೋಗಿ, ಇಬ್ಬರು ಮಕ್ಕಳೊಡನೆ ಮೈದುನನ ಮನೆಯ ಮೂಲೆಯಲ್ಲಿದ್ದಳು. ತಾಯಿಯ ತೋಟದಲ್ಲಿ ಅರ್ಧ ಪಾಲು ಅವಳದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಪಾಲು ಬಿಟ್ಟುಕೊಟ್ಟೆನೆಂಬ ಕಾಗದವನ್ನು ಅವರು ಛಾಪಾ ಕಾಗದದ ಮೇಲೆ ಆಗಲೇ ಟೈಪ್ ಮಾಡಿಸಿ ತಂದಿದ್ದರು.

"ನಾಳೆ ಕರ್ಕೊಂಡ್ ಬತ್ತೀನಿ. ಟ್ಯಾಕ್ಸ್ ಉಳಿಸೋಕೆ ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ."

ನಾನು ತಲೆಯಾಡಿಸಿದೆ. ಆಡಿಸಿದ್ದು ಸುಳ್ಳಲ್ಲ.

ಅವರು ಇಳಿದು ಹೋದ ಮೇಲೆ ಆರನೆಯ ಫಾರಂ ತೆಗೆದು, ಒಳಪುಟ ಬಿಡಿಸಿದೆ. ಅಂಕಿ ಬರೆಯಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು. ಅದೇ ವಕ್ರ ಅಕ್ಷರ.

'ಅಯ್ನೋರಿಗೆ ಶರಣು. ನಾನು ಉಳಿಯಾಕಿಲ್ಲ. ಹೊನ್ನವಳ್ಳಿ ತೋಟ ನಮ್ಮ ಶಾಂತಂಗೆ ಸೇರಬೇಕು. ಅವಳು ಯಾರ ಮುಂದೂ ಕೈ ಒಡ್ಡಬಾರದು. ಸಾಕ್ಷಿ ಹಾಕಾಕೆ ನಂಗೆ ಯಾರೂ ಇಲ್ಲ. ಇವರಿಗೆ ಹೇಳಬ್ಯಾಡಿ. ಮೊದಲು ಇದನ್ನ ನೋಡ್ಲಿ ಅಂತ ಮೇಲೇ ಮಡಗಿವ್ನಿ.'

ಮೇಲೇ ಇಟ್ಟಿದ್ದರು. ಕಟ್ಟು ಮಗುಚಿ ಅದನ್ನು ಅಡಿಗೆ ಹಾಕಿದವನು ನಾನು. ಎರಡು ತಿಂಗಳು ಆಕೆ ಹಾಸಿಗೆಯಲ್ಲಿ ನನ್ನ ಉತ್ತರಕ್ಕೆ ಕಾದಿರಬೇಕು. ಆ ಎರಡು ತಿಂಗಳಲ್ಲಿ ಉಯಿಲು ಬರೆಸಬಹುದಿತ್ತು, ಸಾಕ್ಷಿ ಹುಡುಕಬಹುದಿತ್ತು. ಈಗ ಈ ಪೆನ್ಸಿಲ್ ಬರಹಕ್ಕೆ ಕೋರ್ಟಿನಲ್ಲಿ ಕಾಸಿನ ಬೆಲೆಯಿಲ್ಲ. ಅದನ್ನು ತೋರಿಸಿದರೆ, ಸತ್ತವಳ ಸಹಿಯಿಂದ ನಾಲ್ಕು ವರ್ಷ ನಾನು ಮಾಡಿದ್ದೂ ಬಯಲಾಗುತ್ತದೆ. ರಬ್ಬರು ಕೈಗೆತ್ತಿಕೊಂಡೆ. ಎತ್ತಿಕೊಂಡದ್ದು ನಿಜ. ಗೋಡೆಯಾಚೆ ಕೊಬ್ಬರಿ ಗುಡುಗುಡು ಎಂದಿತು. ಇಣುಕಿ ನೋಡಿದೆ, ಅಟ್ಟದಲ್ಲಿ ಆಳುಗಳಿರಲಿಲ್ಲ. ಇಲಿಯಿರಬೇಕು ಎಂದುಕೊಂಡೆ. ರಬ್ಬರನ್ನು ಮೇಜಿನ ಡ್ರಾಯರಿಗೆ ಹಾಕಿದೆ.

ಮರುದಿನ ಅಪ್ಪ ಮಗಳು ಬಂದರು. ಶಾಂತಕುಮಾರಿ ಅದೇ ಕುರ್ಚಿಯಲ್ಲಿ ಕೂತಳು. ಶಂಭುಲಿಂಗಯ್ಯನವರು ಟೈಪಾದ ಕಾಗದ ಸರಿಸಿ, ಪೆನ್ನಿನ ಟೋಪಿ ತೆಗೆದು ಕೊಟ್ಟರು.

"ಹಾಕವ್ವ. ಟ್ಯಾಕ್ಸ್‌ದು."

ಅವಳು ಪೆನ್ನು ಹಿಡಿದು ನನ್ನ ಕಡೆ ನೋಡಿದಳು. "ಇದ್ರಲ್ಲಿ ಏನ್ ಬರ್ದೈತೆ ಅಯ್ನೋರೆ?"

ಅದೇ ಮಾತು, ಅದೇ ದನಿ.

"ತೋಟದಲ್ಲಿ ನಿನ್ನ ಅರ್ಧ ಪಾಲು ಅಪ್ಪನಿಗೆ ಬಿಟ್ಟುಕೊಟ್ಟೆ ಅಂತ ಬರ್ದೈತಮ್ಮ" ಎಂದೆ. "ಟ್ಯಾಕ್ಸಿಗೂ ಇದಕ್ಕೂ ಸಂಬಂಧ ಇಲ್ಲ. ನೀನು ಸಹಿ ಹಾಕ್ದೆ ಇದ್ರೆ ಅದನ್ನ ಯಾರೂ ಮಾರಾಕಾಗಲ್ಲ. ಮೊದ್ಲು ಇದನ್ನ ಓದು." ಆರನೆಯ ಫಾರಂ ಬಿಡಿಸಿ ಅವಳ ಮುಂದಿಟ್ಟೆ.

ಅವಳು ಓದಿದಳು. ತಾಯಿಯಂತೆಯೇ ನಿಧಾನ, ಅಕ್ಷರಕ್ಕೊಂದು ಬೆರಳು. ಶಂಭುಲಿಂಗಯ್ಯನವರು ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ಹೆಂಡತಿಯ ಅಕ್ಷರ ಗುರುತು ಸಿಕ್ಕಿರಬೇಕು. ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು.

"ಅವ್ವ ಇದನ್ನ ಯಾವಾಗ ಕೊಟ್ಟಿದ್ದು?" ಎಂದಳು.

"ಐದು ವರ್ಷ ಆಯ್ತಮ್ಮ."

"ಐದು ವರ್ಷದಿಂದ ನಿಮ್ಮತ್ರನೇ ಇತ್ತಾ?"

ಹೌದು ಎಂದೆ. ಆಕೆ ತೀರಿಕೊಂಡದ್ದನ್ನು ಬರೆಯದೆ, ಆಕೆಯ ಸಹಿಯ ಮೇಲೆ ನಾಲ್ಕು ವರ್ಷ ಲೆಕ್ಕ ಕೊಟ್ಟದ್ದನ್ನೂ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಛಾಪಾ ಕಾಗದವನ್ನು ಅಪ್ಪನ ಕಡೆ ತಳ್ಳಿದಳು. ತಾಯಿಯ ಫಾರಂ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

"ಇನ್ನೊಂದು ಫಾರಂ ತಗೊಳಿ ಅಯ್ನೋರೆ. ಅವ್ವ ತೀರ್ಕೊಂಡ್ಳು ಅಂತ ಬರೀರಿ. ತಾರೀಖೂ ಹಾಕ್ರಿ. ಎಲ್ಲ ತುಂಬಿ, ಓದಿ ಹೇಳ್ರಿ. ಆಮೇಲೆ ಮಗಳು ಅಂತ ನಾನು ಸಹಿ ಹಾಕ್ತೀನಿ."

ಐದು ವರ್ಷದಿಂದ ಬರೆಯದ ಆ ತಾರೀಖನ್ನು ಬರೆಯಲು ಕೂತೆ. ಇಸವಿ ತಪ್ಪಿ ಬರೆದು ಮೊದಲ ಫಾರಂ ಕೆಟ್ಟಿತು. ಎರಡನೆಯದನ್ನು ತೆಗೆದುಕೊಂಡೆ. ಅವಳು ಪೆನ್ನು ಮುಚ್ಚಿ ಹಿಡಿದು, ನಾನು ಬರೆಯುವ ಒಂದೊಂದು ಅಕ್ಷರವನ್ನೂ ನೋಡುತ್ತ ಕೂತಿದ್ದಳು.