ಅಕ್ಕನ ಕಾಲಿನ ಮೇಲಿನ ಆರೋಪ

ಅಕ್ಕ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಕಾರು ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಕೀಲಿ ತಿರುಗಿಸಿದರೆ ಎಂಜಿನ್ ಶುರುವಾಗುವುದು, ಮೂರು ಎಣಿಸುವಷ್ಟರಲ್ಲಿ ಗಡಗಡ ನಡುಗಿ ನಿಂತುಹೋಗುವುದು. ಹೀಗೆ ಮೂರು ಸಲ ಆಗುತ್ತಲೇ ಪರೀಕ್ಷಕರು ಕಾಗದದ ಮೇಲೆ ಗೀಟು ಎಳೆದು ಇಳಿದುಬಿಡುತ್ತಿದ್ದರು.

ಕಾರಣವೇನೆಂದು ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು: ಅಕ್ಕನ ಕಾಲು. ಅಕ್ಕನ ಗಂಡ ಟೈಲರ್ ಭಾವ ಕೂತರೆ ಕಾರು ಆಫ್ ಆಗುತ್ತಿರಲಿಲ್ಲ. ಗ್ಯಾರೇಜು ನಡೆಸುವ ತಂಗಿ ಕೂತರೂ ಆಗುತ್ತಿರಲಿಲ್ಲ. "ಇವಳ ಕಾಲು ಕಂಡ್ರೆ ನನ್ನ ಹೊಲಿಗೆ ಮಿಷನ್ನೂ ಹೆದರುತ್ತೆ" ಎಂದು ಭಾವ ಅಂಗಡಿಗೆ ಬಂದವರನ್ನೆಲ್ಲ ನಗಿಸಿದ್ದರು. ತಂಗಿಯೂ ನಕ್ಕಿದ್ದಳು. ಹದಿನಾಲ್ಕು ವರ್ಷದಿಂದ ಊರವರ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುತ್ತಿದ್ದವಳು ಅಕ್ಕನ ದೂರು ಕೇಳಿ ಒಂದು ಸಲವೂ ಬಾನೆಟ್ ಎತ್ತಿರಲಿಲ್ಲ.

ಮೂರನೆಯ ಪರೀಕ್ಷೆ ಹನ್ನೊಂದು ಗಂಟೆಗೆ. ಬ್ರೇಕ್ ನೋಡಿಸಲೆಂದು ಕಾರನ್ನು ಹಿಂದಿನ ದಿನವೇ ಗ್ಯಾರೇಜಿನಲ್ಲಿ ಬಿಟ್ಟಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಗಂಡ ಹೆಂಡತಿ ಬಂದಾಗ ಅಕ್ಕನ ಮುಖ ಸಪ್ಪಗಿತ್ತು.

"ಇದೇ ಕೊನೆ ಕಣೇ. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರೋ ಕೆಲಸ. ಲೈಸೆನ್ಸ್ ಇದ್ರೆ ಸೋಮವಾರ ಬನ್ನಿ ಅಂದಿದಾರೆ. ಇಲ್ದಿದ್ರೆ ಬೇರೆಯವರನ್ನ ತಗೋತಾರೆ. ಮತ್ತೆ ಅದೇ ಲ್ಯಾಬಿನ ಮೂಲೇಲಿ ಕೂತು ಸೀಸೆಗೆ ಚೀಟಿ ಅಂಟಿಸ್ಬೇಕು ನಾನು."

ತಂಗಿಗೆ ಅಂದು ನಗು ಬರಲಿಲ್ಲ. "ಸ್ಟಾರ್ಟ್ ಮಾಡು. ನಾನು ನಿನ್ನ ಕಾಲನ್ನೇ ನೋಡ್ತೀನಿ" ಎಂದು ತೆರೆದ ಬಾಗಿಲ ಪಕ್ಕ ಟಾರ್ಚ್ ಹಿಡಿದು ಕುಕ್ಕರುಗಾಲಿನಲ್ಲಿ ಕೂತಳು.

ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿತು. ಬಲಗಾಲು ಬ್ರೇಕಿನ ಮೇಲೆ ಕೂತಿತು. ಎಂಜಿನ್ ಶುರುವಾಯಿತು, ನಡುಗಿತು, ಸತ್ತಿತು.

"ಎಕ್ಸಲರೇಟರ್ ಯಾಕೆ ಒತ್ತಲಿಲ್ಲ?"

"ಯಾಕೆ ಒತ್ಬೇಕು? ಸ್ಟಾರ್ಟ್ ಮಾಡೋವಾಗ ಒತ್ಬಾರದು ಅಂತ ಪುಸ್ತಕದಲ್ಲೇ ಇದೆಯಲ್ಲ. ಪುಟ ಇಪ್ಪತ್ತೆರಡು."

ತಂಗಿ ತಲೆ ಎತ್ತಿದಳು. "ಭಾವ, ನೀವು?"

"ನಾನು ಕೀಲಿ ತಿರುಗಿಸ್ತಾನೇ ಒಂಚೂರು ಒತ್ತಿ ಹಿಡ್ಕೊಂಡಿರ್ತೀನಿ. ಯಾರು ತಾನೇ ಒತ್ತಲ್ಲ?"

ತಂಗಿಯೂ ಒತ್ತುತ್ತಿದ್ದಳು. ಹಳೆಯ ಗಾಡಿಗಳ ಜೊತೆ ಏಗಿ ಏಗಿ ಬಂದ ಚಾಳಿ ಅದು. ಹೀಗೆ ಒತ್ತಿ ಹಿಡಿದೇ ಅವರಿಬ್ಬರೂ ಕಾರಿನ ಕಾಯಿಲೆಯನ್ನು ಒಂದು ವರ್ಷ ಮುಚ್ಚಿಟ್ಟಿದ್ದರು. ಎಂಜಿನ್ ಬಿಸಿಯಾದ ಮೇಲೆ ಅದು ತಾನಾಗಿಯೇ ಅಡಗುತ್ತಿತ್ತು. ಕ್ರಮ ತಪ್ಪದೆ ಸ್ಟಾರ್ಟ್ ಮಾಡುತ್ತಿದ್ದವಳು ಅಕ್ಕ ಒಬ್ಬಳೇ. ಫೇಲಾದವಳೂ ಅವಳೇ. ತಂಗಿಗೆ ಕಿವಿ ಬಿಸಿಯಾಯಿತು.

ತಟ್ಟನೆ ಎದ್ದು ಬಾನೆಟ್ ಎತ್ತಿದಳು. ಬ್ಯಾಟರಿ ಗಟ್ಟಿಯಾಗಿತ್ತು. ಪ್ಲಗ್ಗುಗಳ ಕಿಡಿ ಸರಿಯಾಗಿತ್ತು. ಪೆಟ್ರೋಲಿನ ಒತ್ತಡ ಅಳೆಯುವ ಮುಳ್ಳು ಸರಿಯಾದ ಅಂಕಿಯ ಮೇಲೆ ಅಲುಗದೆ ನಿಂತಿತು. ಕಿಡಿ ಇದೆ, ಪೆಟ್ರೋಲ್ ಇದೆ. ಇನ್ನು ನೋಡಬೇಕಾದದ್ದು ಗಾಳಿ. ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ಮೇಲೆ ಬೆರಳುದ್ದದ ಒಂದು ಸೆನ್ಸರ್ ಇರುತ್ತದೆ. ತಂಗಿ ಅದರ ವೈರನ್ನು ಕಳಚಿದಳು.

"ಈಗ ಮಾಡು. ಪುಟ ಇಪ್ಪತ್ತೆರಡರ ಹಾಗೇ ಮಾಡು."

ಎಂಜಿನ್ ಶುರುವಾಯಿತು. ಸ್ವಲ್ಪ ಗೊರಗೊರ ಎಂದಿತು. ಆದರೆ ನಿಲ್ಲಲಿಲ್ಲ. ಅಕ್ಕ ಸ್ಟೇರಿಂಗ್ ಹಿಡಿದೇ ಉಸಿರು ಬಿಗಿಹಿಡಿದು ಕೂತಿದ್ದಳು.

"ಕಳಚಿದ್ರೆ ಓಡುತ್ತಾ? ಹಾಗಾದ್ರೆ ಕಳಚಿದ್ದೇ ಇರ್ಲಿ ಬಿಡು, ಭಾರ ಕಮ್ಮಿ" ಎಂದರು ಭಾವ.

"ಗಾಳಿ ಎಷ್ಟು ಬಂತು ಅಂತ ಲೆಕ್ಕ ಹೇಳೋದು ಇದರ ಕೆಲಸ ಭಾವ. ಇದು ಕಮ್ಮಿ ಹೇಳ್ತಿದೆ. ಅದನ್ನ ನಂಬಿ ಎಂಜಿನ್ ಪೆಟ್ರೋಲೂ ಕಮ್ಮಿ ಕುಡೀತಿದೆ, ತಣ್ಣಗಿದ್ದಾಗ ಅದು ಸಾಲಲ್ಲ. ಇದು ಬಾಯಿ ಮುಚ್ಕೊಂಡ್ರೆ ಎಂಜಿನ್ ಅಂದಾಜಿನ ಮೇಲೆ ಓಡುತ್ತೆ."

ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಒಳಗಿನ ತಂತಿ ಕೂದಲಿಗಿಂತ ತೆಳ್ಳಗಿತ್ತು. ಅದಕ್ಕೆ ತಿಳಿನೀಲಿ ಬಣ್ಣದ ನೂಲಿನ ಜುಂಗು ಸುತ್ತಿಕೊಂಡಿತ್ತು. ರಸ್ತೆಯ ಧೂಳಿನಲ್ಲಿ ತಿಳಿನೀಲಿ ನೂಲು ಎಲ್ಲಿಂದ ಬರಬೇಕು?

ಭಾವ ಇದ್ದಕ್ಕಿದ್ದಂತೆ ಗ್ಯಾರೇಜಿನ ತಗಡಿನ ಸೂರನ್ನು ಬಲು ಆಸಕ್ತಿಯಿಂದ ನೋಡತೊಡಗಿದರು.

"ಭಾವ, ಫಿಲ್ಟರ್ ಡಬ್ಬಿ ತೆಗೀಲಾ?"

"ಫಿಲ್ಟರ್ ನೋಡ್ಕೊಳ್ಳೋದು ನನ್ನ ಡಿಪಾರ್ಟ್‌ಮೆಂಟು ನೀನು ಮುಟ್ಬೇಡ ಅಂತ ಮೊದಲೇ ಹೇಳಿದೀನಲ್ಲ..."

ಅಷ್ಟರಲ್ಲಿ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತ್ತು. ಒಳಗೆ ಏರ್ ಫಿಲ್ಟರ್ ತಿಳಿನೀಲಿ ಫ್ಲಾನೆಲ್ ಬಟ್ಟೆಯ ಅಂಗಿ ತೊಟ್ಟು ಮಲಗಿತ್ತು. ದಿಂಬಿನ ಕವರಿನಂತೆ ಸುತ್ತಲೂ ಮುಚ್ಚಿದ ಅಂಗಿ, ಅಂಚಿಗೆ ಎರಡೆಳೆ ಹೊಲಿಗೆ, ಬದಿಗೆ ಎರಡು ಗುಂಡಿ.

"ಧೂಳು ಕೂತು ಫಿಲ್ಟರ್ ಹಾಳಾಗ್ಬಾರ್ದು ಅಂತ..."

"ಧೂಳು ಹಿಡಿಯೋದೇ ಅದರ ಕೆಲಸ ಭಾವ! ಒಳಬದೀಲಿ ಇರೋ ಬಟ್ಟೆ ಜುಂಗು ಬಿಟ್ರೆ ಅದನ್ನ ಯಾರು ಹಿಡೀಬೇಕು? ನೇರ ಸೆನ್ಸರ್‌ಗೇ ಹೋಗಿ ಅಂಟ್ಕೊಂಡಿದೆ."

"ಅದೆಲ್ಲ ಇರ್ಲಿ, ಫಿಟ್ಟಿಂಗ್ ನೋಡು. ಒಂದು ನೂಲು ಹೆಚ್ಚುಕಮ್ಮಿ ಇಲ್ಲ."

ಅಕ್ಕ ಆ ಅಂಗಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಗುಂಡಿಗಳನ್ನು ಎಳೆದು ನೋಡಿದಳು. ಭಾವ ಅರ್ಧ ಹೆಜ್ಜೆ ಹಿಂದೆ ಸರಿದರು.

"ರೀ, ನನ್ನ ಲ್ಯಾಬ್ ಕೋಟಿಗೆ ಒಂದು ಗುಂಡಿ ಹಾಕ್ಕೊಡಿ ಅಂತ ಆರು ತಿಂಗಳಿಂದ ಬಡ್ಕೋತಿದೀನಿ. ಪುರುಸೊತ್ತಿಲ್ಲ ಅಂತೀರಿ. ಇದಕ್ಕೆ ಎರಡು!"

ಹೇಳುತ್ತ ಹೇಳುತ್ತಲೇ ಅವಳಿಗೆ ನಗು ಉಕ್ಕಿತು. ಬಾನೆಟ್ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ತಪ್ಪು ನಂದೂ ಇದೆ ಅಕ್ಕ" ಎಂದಳು ತಂಗಿ. "ಬೇರೆಯವರ ಕಾರಾಗಿದ್ರೆ ಮೊದಲನೇ ದಿನಾನೇ ನೋಡಿರ್ತಿದ್ದೆ. ನಿನ್ನದು ಅಂತ ತಮಾಷೆ ಮಾಡ್ಕೊಂಡು ಕೂತೆ."

"ಆಮೇಲೆ ಬೈತೀನಿ. ಈಗ ಬೇಗ ತೊಳಿ, ಗಂಟೆ ಹತ್ತಾಯ್ತು."

ಭಾವ ಜೇಬಿನಿಂದ ಹೊಲಿಗೆ ಮಿಷನ್ ಒರೆಸುವ ಮೆತ್ತನೆಯ ಬ್ರಷ್ಷೊಂದನ್ನು ತೆಗೆದರು. "ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ! ಮುಟ್ಟಿದ್ರೆ ತಂತಿ ಮುರಿಯುತ್ತೆ" ಎಂದು ತಂಗಿ ಗದರಿದಳು. ಸೆನ್ಸರ್ ತೊಳೆಯುವ ಸ್ಪ್ರೇಯನ್ನು ದೂರದಿಂದಲೇ ಹೊಡೆದಳು. ಜುಂಗು ಕರಗಿದಂತೆ ಜಾರಿ ಬಿತ್ತು. ಅದು ಒಣಗಲು ಬೇಕಾದ ಹತ್ತು ನಿಮಿಷದಲ್ಲಿ ಅಕ್ಕ ಗಡಿಯಾರವನ್ನು ಇಪ್ಪತ್ತು ಸಲ ನೋಡಿದಳು. ಹೊಸ ಫಿಲ್ಟರ್ ಹಾಕಿ, ವೈರ್ ಜೋಡಿಸಿ, ಕೀಲಿ ತಿರುಗಿಸಿದಾಗ ಮೂವರೂ ಬಾಯಿಬಿಟ್ಟು ಎಣಿಸಿದರು. ಮೂರು ದಾಟಿತು, ಹತ್ತು ದಾಟಿತು. ಮೂವತ್ತಕ್ಕೆ ಎಣಿಕೆ ನಿಂತಿತು, ಎಂಜಿನ್ ನಿಲ್ಲಲಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಉದ್ದನೆಯ ಸಾಲು ಕರಗಿ ಸರದಿ ಬರುವಷ್ಟರಲ್ಲಿ ಎಂಜಿನ್ ಪೂರ್ತಿ ತಣ್ಣಗಾಗಿತ್ತು. ಬೇಲಿಯಾಚೆ ತಂಗಿ, ಭಾವ ಇಬ್ಬರೂ ಕುತ್ತಿಗೆ ಚಾಚಿ ನಿಂತಿದ್ದರು. ಕಾರು ಮೊದಲ ಸಲಕ್ಕೇ ಶುರುವಾಗಿ ಹೊರಟಿತು. ತಿರುವು ಮುಗಿಯಿತು, ರಿವರ್ಸ್ ಮುಗಿಯಿತು. ಕೊನೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು. ಅಲ್ಲಿ ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು.

ಭಾವ ಕಣ್ಣು ಮುಚ್ಚಿಕೊಂಡರು. ತಂಗಿಗೆ ಗಾಜಿನಾಚೆ ಅಕ್ಕನ ಮುಖ ಕಾಣುತ್ತಿತ್ತು. ಅದರಲ್ಲಿ ಗಾಬರಿಯೇ ಇರಲಿಲ್ಲ. ಪರೀಕ್ಷಕರು ಏನೋ ಕೇಳಿದರು, ಅಕ್ಕ ಏನೋ ಹೇಳಿದಳು, ಮತ್ತೆ ಕೀಲಿ ತಿರುಗಿಸಿ ಸಲೀಸಾಗಿ ಏರು ಹತ್ತಿಸಿದಳು.

ಕಾಗದ ಬೀಸುತ್ತ ಬಂದವಳನ್ನು ತಂಗಿ ಕೇಳಿದಳು, "ಅಲ್ಲಿ ಏನಂದ್ರು?"

"ಏನಾಯ್ತು ಅಂದ್ರು. ಕ್ಲಚ್ ಬೇಗ ಬಿಟ್ಬಿಟ್ಟೆ ಸಾರ್, ಕಾರು ಸರಿಯಾಗಿದೆ ಅಂದೆ. ನಕ್ಕು ಪಾಸ್ ಅಂತ ಬರೆದ್ರು."

ಭಾವ ಅಭ್ಯಾಸಬಲದಿಂದ ಡ್ರೈವರ್ ಬದಿಯ ಬಾಗಿಲಿಗೆ ಕೈ ಹಾಕಿದರು.

"ಹಿಂದೆ" ಎಂದಳು ಅಕ್ಕ. ಭಾವ ತೆಪ್ಪಗೆ ಹಿಂದೆ ಹೋಗಿ ಕೂತರು. ಅವಳು ಫೋನ್ ತೆಗೆದು, ಸೋಮವಾರ ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕೆಂದು ಕೇಳಿಕೊಂಡು, ಆಮೇಲೆ ಕಾರು ಸ್ಟಾರ್ಟ್ ಮಾಡಿದಳು.